ಬಲಗಡೆಯ ಬಟನ್‌ಗಳು

ಮದ್ದೂರಿನ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದ ನಾನು ಆ ಕೆಲಸ ಬಿಟ್ಟಿದ್ದು ಮತ್ತೆ ಕೋಡ್ ಬರೆಯಬೇಕೆಂಬ ಆಸೆಯಿಂದ. ಮದುವೆಗೆ ಮುಂಚೆ ಸ್ವಲ್ಪ ಕಾಲ ಆ ಕೆಲಸ ಮಾಡಿದ್ದೆ. ಆಮೇಲೆ ಅದು ಕೈ ತಪ್ಪಿತ್ತು. ಈಗ ಮಂಡ್ಯದಲ್ಲೇ, ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿ, ನಡುವೆ ಕೆಲಸ ಬಿಟ್ಟವರನ್ನೂ ಟ್ರೈನಿಗಳಾಗಿ ತೆಗೆದುಕೊಳ್ಳುತ್ತದೆ ಎಂದು ತಿಳಿಯಿತು. ಅರ್ಜಿ ಹಾಕಿದಾಗ ಅಲ್ಲಿನ ತಂಡದ ಮುಖ್ಯಸ್ಥೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸರ್ಟಿಫಿಕೇಟ್ ಬೇಡ. ನೀವೇ ಮಾಡಿದ ಚಿಕ್ಕ ಚಿಕ್ಕ ಪ್ರಾಜೆಕ್ಟ್‌ಗಳನ್ನ ತಂದು ತೋರಿಸಿ."

ಗುತ್ತಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಮೂರು ಪ್ರಾಜೆಕ್ಟ್ ಮಾಡಿ ಮುಗಿಸಿದೆ. ಮಗ್ಗಿ ಕೇಳುವ ಒಂದು ಆಟ, ಅಂಕಗಳ ಸರಾಸರಿ ಹೇಳುವ ಒಂದು ಪುಟ, ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬಸ್ಸುಗಳ ಸಮಯ ತೋರಿಸುವ ಇನ್ನೊಂದು ಪುಟ. ಹೊಸದಾಗಿ ಕಲಿಯುವವರೆಲ್ಲ ಮಾಡುವಂಥವೇ. ಬಣ್ಣ ಚೆನ್ನಾಗಿತ್ತು, ತಪ್ಪಿರಲಿಲ್ಲ. ನನಗಂತೂ ಹೆಮ್ಮೆಯೇ ಇತ್ತು.

ತೋರಿಸಲು ಹೋಗಬೇಕಾಗಿದ್ದ ವಾರದಲ್ಲೇ ಮಳವಳ್ಳಿಯಲ್ಲಿದ್ದ ಅತ್ತೆಗೆ ಲಕ್ವ ಹೊಡೆಯಿತು.

ಅತ್ತೆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರಾಗಿದ್ದವರು. ಅವರ ದನಿ ಅಡುಗೆಕೋಣೆಯಿಂದ ಹೊರಟರೆ ಮೈದಾನದ ಆ ತುದಿಯ ಮಕ್ಕಳೂ ತಟ್ಟೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರಂತೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವರನ್ನೂ ಮಾವನನ್ನೂ ಗುತ್ತಲಿಗೇ ಕರೆದುಕೊಂಡು ಬಂದೆವು. ಬಲಗೈ ಬಲಗಾಲು ಸೋತಿದ್ದವು. ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೆ ಬೇರೆ ಥರ ಇರುತ್ತಿತ್ತೋ ಏನೋ. ಒಂದೇ ಒಂದು ಮಾತು ಉಳಿದಿತ್ತು. "ಬುಡು."

ನೀರು ಬೇಕಾ ಅಂದರೆ "ಬುಡು." ಕಾಲು ನೋಯುತ್ತಾ ಅಂದರೆ "ಬುಡು." ಮೊದಮೊದಲು ನಾವು ಅದನ್ನು ಬೇಡ ಎಂದೇ ತಿಳಿದೆವು. ಲೋಟ ಒಯ್ದು ಒಳಗಿಟ್ಟು ಬಂದರೆ ಅವರ ಕಣ್ಣು ತುಂಬಿರುತ್ತಿತ್ತು. ಅವರು ಕೇಳಿದ್ದು ನೀರೇ. ಬಾಯಿ ಬೇರೆ ಮಾತು ಹೊರಡಿಸುತ್ತಿರಲಿಲ್ಲ, ಅಷ್ಟೇ. ಜಿಲ್ಲಾಸ್ಪತ್ರೆಯ ಹತ್ತಿರ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಒಬ್ಬರಿದ್ದರು. ಅವರು ಬಿಡಿಸಿ ಹೇಳಿದರು: "ಒಳಗೆ ಅರ್ಥ ಆಗ್ತಿದೆ ಅವರಿಗೆ. ಪದ ಹುಡುಕಿ ಆಚೆ ತರೋ ದಾರಿ ಮುಚ್ಚಿದೆ. ಚಿತ್ರ ಮುಟ್ಟಿ ತೋರಿಸೋ ಥರ ಏನಾದರೂ ಮಾಡಿ. ಬೇಕು-ಬೇಡ ಗೊತ್ತಾಗಲಿ."

ಕಂಪನಿಗೆ ಫೋನ್ ಮಾಡಿ ಈ ಸಲ ಬರಲಾಗದು ಎಂದೆ. ಮುಖ್ಯಸ್ಥೆ ಮುಂದಿನ ಸುತ್ತಿಗೆ ಬನ್ನಿ ಅಂದರು. ಹಳೆಯ ಶಾಲೆಯಿಂದಲೂ ಫೋನ್ ಬಂತು. ಜಾಗ ಇನ್ನೂ ಖಾಲಿಯಿದೆ, ಬರುವುದಾದರೆ ಬನ್ನಿ ಎಂದು. ಮನಸ್ಸು ಅತ್ತಲೇ ವಾಲಿತು. ಗೊತ್ತಿರುವ ಕೆಲಸ, ಸಂಜೆಯೊಳಗೆ ಮನೆ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಗಂಡ ಅದನ್ನು ಕೇಳಿ, "ಈಗ್ಲೇ ಯಾತಕ್ಕೂ ಊಂ ಅನ್ಬ್ಯಾಡ. ಮೊದ್ಲು ಅವ್ವನ್ ಚಿತ್ರದ್ದು ಮಾಡು," ಎಂದು ಬಸ್ಸಿಗೆ ಹೊರಟರು.

ಹಾಗೆ ನಾಲ್ಕನೆಯ ಪ್ರಾಜೆಕ್ಟ್ ಶುರುವಾಯಿತು.

ಹಿಂದೆ ಆನ್‌ಲೈನ್ ಪಾಠ ಮಾಡಲೆಂದು ನಾನು ಕೊಂಡಿದ್ದ ಒಂದು ಟ್ಯಾಬ್ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದರಲ್ಲಿ ತೆರೆಯುವಂತೆ, ನೆಟ್ಟು ಇಲ್ಲದಾಗಲೂ ಸಿಗಲೆಂದು ಒಳಗೇ ಉಳಿದುಕೊಳ್ಳುವ ಹಾಗೆ, ಒಂದು ಪುಟ ಬರೆದೆ. ಮೇಲಿನಿಂದ ಕೆಳಕ್ಕೆ ಎರಡು ಸಾಲು, ಒಂದೊಂದರಲ್ಲಿ ಮೂರು ದೊಡ್ಡ ಬಟನ್. ಎಡಗಡೆ ನೀರು, ಊಟ, ಬಚ್ಚಲು. ಬಲಗಡೆ ನೋವು, ಮಲಗಬೇಕು, ಫ್ಯಾನು. ಒಂದೊಂದಕ್ಕೂ ಒಂದು ಚಿತ್ರ. ಮುಟ್ಟಿದರೆ ಬ್ರೌಸರಿನೊಳಗೇ ಇರುವ ಯಂತ್ರದ ದನಿ ಆ ವಾಕ್ಯವನ್ನು ಓದಿ ಹೇಳಬೇಕು. ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ನಡೆಯಿತು. ಟ್ಯಾಬಿನಲ್ಲಿ ಉಸಿರೇ ಇಲ್ಲ. ಅದರಲ್ಲಿ ಕನ್ನಡದ ದನಿಯೇ ಇರಲಿಲ್ಲವೆಂದು ಅರ್ಥವಾಗುವುದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಅದನ್ನು ಇಳಿಸಿಕೊಂಡು, ಅತ್ತೆಯ ಮುಂದಿಟ್ಟು, ಅವರ ಎಡಗೈ ಬೆರಳು ಹಿಡಿದು ನೀರಿನ ಚಿತ್ರ ಮುಟ್ಟಿಸಿದೆ.

"ನನಗೆ ಕುಡಿಯಲು ನೀರು ಬೇಕಾಗಿದೆ," ಎಂದಿತು ಟ್ಯಾಬು.

ಮೂಲೆಯಲ್ಲಿ ಕೂತಿದ್ದ ಮಾವ ಬೆಚ್ಚಿ ನೋಡಿದರು. "ಇದೇನವ್ವ, ಟೇಸನ್ನಲ್ಲಿ ರೈಲು ಬತ್ತದೆ ಅಂತ ಕೂಗ್ದಂಗದೆ!"

ಅತ್ತೆ ಸೆರಗು ಎಳೆದು ಟ್ಯಾಬಿನ ಮೇಲೆ ಮುಚ್ಚಿಬಿಟ್ಟರು. ಮಾರನೆಯ ದಿನವೂ ಅದೇ. ನಾನು ಸೆರಗು ಸರಿಸುವುದು, ಅವರು ಮುಚ್ಚುವುದು. ಮೂರನೆಯ ಸಲಕ್ಕೆ ನನಗೆ ತಿಳಿಯಿತು. ದನಿ ಹೊರಟ ಕೂಡಲೇ ನಾವೆಲ್ಲರೂ ಟ್ಯಾಬಿನ ಕಡೆ ನೋಡುತ್ತಿದ್ದೆವು. ಅವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಕೊತ್ತತ್ತಿಯಲ್ಲಿ ಅತ್ತೆಯ ತಂಗಿ ಇದ್ದಾರೆ, ನನಗೆ ಚಿಕ್ಕತ್ತೆ. ಅಕ್ಕತಂಗಿಯರ ದನಿ ಎಷ್ಟು ಒಂದೇ ಥರವೆಂದರೆ, ಫೋನಿನಲ್ಲಿ ಮಾತಾಡಿದರೆ ಮಾವನೇ ಯಾಮಾರುತ್ತಿದ್ದರು. ಯಂತ್ರದ ದನಿ ತೆಗೆದುಹಾಕಿ ಚಿಕ್ಕತ್ತೆಯ ದನಿಯನ್ನು ರೆಕಾರ್ಡ್ ಮಾಡೋಣ ಎಂದುಕೊಂಡೆ. ಅವರು ಬೆಳಗಿನ ಬಸ್ಸಿಗೇ ಬಂದರು, ಗದ್ದೆಬದುವಿನಿಂದ ಕಿತ್ತ ಸೊಪ್ಪಿನ ಚೀಲದೊಂದಿಗೆ. ಹಜಾರದಲ್ಲಿ ಕೂತು ರೆಕಾರ್ಡ್ ಮಾಡಿದರೆ ಪಕ್ಕದ ಮನೆಯ ಕುಕ್ಕರು, ಬೀದಿಯ ತರಕಾರಿ ಗಾಡಿ, ಎಲ್ಲವೂ ಸೇರಿಕೊಳ್ಳುತ್ತಿತ್ತು. ಕೊನೆಗೆ ಬೀರು ಬಾಗಿಲು ತೆರೆದು, ಸೀರೆಗಳ ಮಧ್ಯೆ ಫೋನಿಟ್ಟು, ಮೇಲೊಂದು ರಗ್ಗು ಹೊದೆಸಿ, ಅದರೊಳಗೆ ಚಿಕ್ಕತ್ತೆಯ ತಲೆ ತೂರಿಸಿದೆವು.

"ನೀರ್ ಕೊಡ್ರವ್ವ," "ವಟ್ಟೆ ಅಸೀತದೆ," "ಕಾಲು ಸೆಳೀತದೆ." ಒಂದೊಂದಾಗಿ ಹೇಳಿದರು. ಆಮೇಲೆ ರಗ್ಗಿನಿಂದ ತಲೆ ಈಚೆ ತೆಗೆದು ಕೇಳಿದರು:

"ಬರೀ ಬೇಡೋದೇ ಆಯ್ತಲ್ಲವ್ವ ಇದು. ನಮ್ಮಕ್ಕ ಯಾವತ್ತು ಇಂಗೆ ಕೊಡು ಕೊಡು ಅಂದವ್ಳೆ? ಇನ್ನೊಬ್ರಿಗೆ ಇಕ್ಕಿ ಬೆಳ್ದವ್ಳು. ಬಂದೋರ್‍ನ ಮಾತಾಡ್ಸಾದು ಬ್ಯಾಡ್ವ? ಬಾವನ್ನ ಬಯ್ಯಾದು ಬ್ಯಾಡ್ವ?"

"ಆ ಚಿಕಿತ್ಸೆ ಮೇಡಂ ಬೇಕು-ಬೇಡ ಸಾಕು ಅಂದ್ರು ಚಿಕ್ಕತ್ತೆ."

"ಅವರ್ಗೇನು ಗೊತ್ತು ಪಾಪ, ನಮ್ಮಕ್ಕನ್ ವಿಚಾರ," ಎಂದು ಮತ್ತೆ ರಗ್ಗಿನೊಳಗೆ ಹೋದರು.

ಆ ದಿನ ಕೇಳಿದ್ದಕ್ಕಿಂತ ಹೆಚ್ಚೇ ರೆಕಾರ್ಡ್ ಆಯಿತು. "ಬಾ ಮಗ, ಕೂತ್ಕೊ." "ಉಂಡ್ಯಾ?" "ಸುಮ್ಕಿರು, ಕಂಡಿದೀನಿ." ಬಟನ್‌ಗಳು ದುಪ್ಪಟ್ಟಾದವು. ಚಿತ್ರಗಳನ್ನೂ ಬದಲಾಯಿಸಿದೆ. ಇಂಟರ್ನೆಟ್ಟಿನಿಂದ ತಂದ ಗಾಜಿನ ಲೋಟದ ಬದಲು ನಮ್ಮ ಮನೆಯ ಸ್ಟೀಲ್ ಲೋಟದ ಫೋಟೊ, ನಮ್ಮದೇ ಬಚ್ಚಲ ಬಾಗಿಲಿನ ಫೋಟೊ. ಬಯ್ಯುವ ಬಟನ್ನಿಗೆ ಮಾವನ ಫೋಟೊ ಹಾಕಿದೆ. ಮಾವ ಅದಕ್ಕೆಂದೇ ಮುಖ ತೊಳೆದು ಬಿಳಿ ಶರ್ಟು ಹಾಕಿಕೊಂಡು ಬಂದು ನಿಂತರು.

ತಂಗಿಯ ದನಿ ಹೊರಟಾಗ ಅತ್ತೆ ಸೆರಗು ಮುಚ್ಚಲಿಲ್ಲ. ಟ್ಯಾಬನ್ನು ಎಡಗೈಯಿಂದ ಹತ್ತಿರ ಎಳೆದುಕೊಂಡರು. ಕಿವಿ ಇಟ್ಟರು.

ಆದರೂ ಕೆಲಸ ಆಗಲಿಲ್ಲ. ಅತ್ತೆ ಮುಟ್ಟಿದರೆ ದನಿ ಬರುತ್ತಿರಲಿಲ್ಲ, ಅಥವಾ "ನೀ, ನೀ, ನೀ" ಎಂದು ತೊದಲಿ ನಿಲ್ಲುತ್ತಿತ್ತು. ನಾನು ಮುಟ್ಟಿದರೆ ಸರಿಯಾಗಿ ಬರುತ್ತಿತ್ತು. ಅವರ ಪಕ್ಕ ಕೂತು ಬೆರಳನ್ನೇ ನೋಡಿದೆ. ರೆಕಾರ್ಡಿನ ಶುರುವಿನಲ್ಲಿ, ಚಿಕ್ಕತ್ತೆ ಉಸಿರು ಎಳೆದುಕೊಂಡಷ್ಟು ಹೊತ್ತು, ಮೌನವಿತ್ತು. ಮುಟ್ಟಿದರೂ ಮಾತು ಬರಲಿಲ್ಲವೆಂದು ಅತ್ತೆ ಮತ್ತೆ ಮುಟ್ಟುತ್ತಿದ್ದರು. ಕೋಡು ಮೊದಲಿನಿಂದ ಶುರು ಮಾಡುತ್ತಿತ್ತು. ಬೆರಳು ನಡುಗಿ ಎರಡೆರಡು ಸಲ ತಾಗುವುದೂ ಇತ್ತು. ಒತ್ತಿ ಹಿಡಿದರೆ ಚಿತ್ರ ಉಳಿಸಬೇಕೇ ಎಂದು ಕೇಳುವ ಪಟ್ಟಿ ತೆರೆದುಕೊಳ್ಳುತ್ತಿತ್ತು. ಶುರುವಿನ ಮೌನವನ್ನೆಲ್ಲ ಕತ್ತರಿಸಿದೆ. ಒಂದು ಮಾತು ಮುಗಿಯುವವರೆಗೆ ಇನ್ನೊಂದು ಸ್ಪರ್ಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬರೆದೆ. ಆ ಪಟ್ಟಿ ಬಾರದಂತೆ ತಡೆದೆ. ಮುಟ್ಟಿದ ಕೂಡಲೇ ಬಟನ್ನಿನ ಅಂಚು ಹಳದಿಯಾಗುವಂತೆ ಮಾಡಿದೆ, ಕೇಳಿಸಿತು ಎಂದು ತಲೆಯಾಡಿಸಿದ ಹಾಗೆ. ಕರೆಂಟು, ನೆಟ್ಟು ಹೋದರೂ ಮಾತು ನಿಲ್ಲಬಾರದಲ್ಲ. ಅದಕ್ಕಾಗಿ ಪುಟದ ಜತೆಗೆ ಈ ದನಿಗಳೂ ಟ್ಯಾಬಿನೊಳಗೇ ಉಳಿಯುವ ವ್ಯವಸ್ಥೆ ಮಾಡಿದೆ.

ನೀರು ಕೇಳಿದರು. ಊಟ ಕೇಳಿದರು. ಬಂದ ನೆರೆಯವರನ್ನು "ಬಾ ಮಗ, ಕೂತ್ಕೊ" ಎಂದು ಕೂರಿಸಿದರು. ಆದರೆ ಬಲಗಡೆಯ ಒಂದು ಬಟನ್ನನ್ನೂ ಅವರು ಮುಟ್ಟಲಿಲ್ಲ. ಕಾಲು ನೋಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಆದರೂ ನೋವಿನ ಬಟನ್ ಮುಟ್ಟದೆ ಊಟದ್ದು, ನೀರಿನದ್ದು, ಮತ್ತೆ ಊಟದ್ದು ಎಂದು ಒತ್ತಿ ಕೊನೆಗೆ "ಬುಡು" ಎಂದು ಅಳುತ್ತಿದ್ದರು. ನಾನು ಕೋಡಿನ ತಪ್ಪೇ ಎಂದುಕೊಂಡೆ. ಬಲಗಡೆಯ ಸಾಲನ್ನು ಅಳಿಸಿ ಹೊಸದಾಗಿ ಬರೆದೆ. ಬಟನ್ ದೊಡ್ಡದು ಮಾಡಿದೆ, ಬಣ್ಣ ಬದಲಿಸಿದೆ. ಏನೂ ಆಗಲಿಲ್ಲ. ನನಗೆ ಬರುವ ವಿದ್ಯೆ ಇಷ್ಟೇ, ಶಾಲೆಗೆ ಫೋನ್ ಮಾಡಿ ಬರುತ್ತೇನೆ ಅಂದುಬಿಡೋಣ ಎನ್ನಿಸಿತು.

ಒಂದು ಮಧ್ಯಾಹ್ನ ಊಟದ ತಟ್ಟೆ ತೆಗೆಯಲು ಹೋದೆ. ಮುದ್ದೆ, ಸಾರು ಖಾಲಿಯಾಗಿತ್ತು. ಹುರುಳಿಕಾಯಿ ಪಲ್ಯ ಹಾಗೇ ಇತ್ತು.

"ಪಲ್ಯ ಸೇರಲ್ಲ ಕಣವ್ವ ಇವಳ್ಗೀಗ. ಮೊದ್ಲು ಅದಿದ್ರೇ ಉಣ್ಣೋಳು," ಅಂದರು ಮಾವ.

ನಾನು ತಟ್ಟೆಯನ್ನು ಎತ್ತಲಿಲ್ಲ. ಪಲ್ಯ ಇದ್ದದ್ದು ತಟ್ಟೆಯ ಬಲಗಡೆ. ಅನ್ನದಲ್ಲೂ ಬಲಗಡೆಯ ಅರ್ಧ, ಒಂದು ಗೆರೆ ಎಳೆದ ಹಾಗೆ, ಉಳಿದಿತ್ತು. ಸುಮ್ಮನೆ ತಟ್ಟೆಯನ್ನು ತಿರುಗಿಸಿದೆ. ಪಲ್ಯ ಎಡಕ್ಕೆ ಬಂತು. ಅತ್ತೆ ಅದನ್ನು ನೋಡಿದರು. ಈಗ ತಾನೇ ಬಡಿಸಿದೆನೇನೋ ಎಂಬಂತೆ ನನ್ನ ಮುಖ ನೋಡಿದರು. ಎಡಗೈಯಿಂದ ತೆಗೆದುಕೊಂಡು ಪೂರ್ತಿ ತಿಂದರು.

ಮಾವ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದರು. ಅವರಿಗೂ ಅರ್ಥವಾಯಿತು. "ಅಯ್ಯೋ, ನಾನು ದಿನಾ ಇವಳ್ ಬಲಗಡೇನೇ ಕೂತ್ಕತಿದ್ನಲ್ಲವ್ವ," ಅಂದರು. ಕುರ್ಚಿ ಎಳೆದುಕೊಂಡು ಎಡಗಡೆಗೆ ಬಂದು ಕೂತರು. ಅತ್ತೆ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು. ನಾನು ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ.

ಥೆರಪಿಸ್ಟ್ ಪರೀಕ್ಷಿಸಿ ಹೌದೆಂದರು. ಕಣ್ಣಿನ ದೋಷವಲ್ಲ, ಮಿದುಳಿಗೆ ಆದ ಪೆಟ್ಟಿನಿಂದ ಎರಡೂ ಕಣ್ಣಿನ ಬಲಭಾಗದ ನೋಟ ಹೋಗಿದೆ. ಮುಖ ತಿರುಗಿಸಿ ನೋಡುವ ಅಭ್ಯಾಸವನ್ನು ಅವರು ಮಾಡಿಸುತ್ತೇನೆಂದರು. ನಾನು ಮನೆಗೆ ಬಂದು ಎರಡು ಸಾಲು ತೆಗೆದೆ. ಪರದೆಯ ಎಡಕ್ಕೆ ಒಂದೇ ಸಾಲು, ಬಲಭಾಗ ಪೂರ್ತಿ ಖಾಲಿ, ಮೇಲಕ್ಕೆ ಕೆಳಕ್ಕೆ ಸರಿಸಲು ಎರಡು ಬಾಣದ ಗುರುತು. ನೋಡಲು ಅರ್ಧ ಮಾಡಿ ಬಿಟ್ಟ ಕೆಲಸದ ಹಾಗೆ ಕಾಣುತ್ತಿತ್ತು. ಸಂಜೆ ಅತ್ತೆ ಮೊದಲ ಸಲ "ಕಾಲು ಸೆಳೀತದೆ" ಎಂದರು. ಎಣ್ಣೆ ಬಿಸಿಮಾಡಿ ತಿಕ್ಕಿದೆ. ಆಮೇಲೆ ಮಾವನ ಫೋಟೊ ಕಂಡಿತು. ಅವತ್ತು ಮಾವ ಎಷ್ಟು ಸಲ ಬೈಸಿಕೊಂಡರೋ. ಪ್ರತಿಸಲವೂ "ಊಂ, ಬಯ್ಯಿ ಬಯ್ಯಿ" ಎಂದು ನಗುತ್ತಿದ್ದರು.

ಅಷ್ಟರಲ್ಲಿ ಕಂಪನಿಯ ಮುಂದಿನ ಸುತ್ತು ಬಂತು.

ಮೂರು ಹಳೆಯ ಪ್ರಾಜೆಕ್ಟ್ ಲ್ಯಾಪ್‌ಟಾಪಿನಲ್ಲಿ ಸಿದ್ಧವಿದ್ದವು. ನಾಲ್ಕನೆಯದನ್ನು ತೋರಿಸುವ ಧೈರ್ಯ ಇರಲಿಲ್ಲ. ಅರ್ಧ ಖಾಲಿ ಪರದೆ, ಮಂಕು ಫೋಟೊಗಳು. ಗಂಡನಿಗೆ ಹೇಳಿದೆ. "ಆ ಮೂರ್‍ನ ಯಾರು ಬಳಸ್ತಾವ್ರೆ?" ಎಂದು ಕೇಳಿದರು. ಯಾರೂ ಇಲ್ಲ. ನಾನೂ ಇಲ್ಲ. ಹಾಗಿದ್ದರೆ ನಾಲ್ಕನೆಯದೇ ಸರಿ ಎಂದು ನಿರ್ಧರಿಸಿದೆ. ಹೊರಡುವ ಬೆಳಿಗ್ಗೆ ಟ್ಯಾಬ್ ತೆಗೆದುಕೊಳ್ಳಲು ಹೋದರೆ ಅತ್ತೆ ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮಾವ ಕೊಡು ಅನ್ನುವಂತೆ ಸನ್ನೆ ಮಾಡಿದರು. ಅತ್ತೆ ಕೈ ತೆಗೆದೂ ಬಿಟ್ಟರು. ಆದರೆ ನಾನು ಕೈ ಚಾಚಲಿಲ್ಲ. ಇಡೀ ದಿನ ಅವರ ಬಾಯಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದಂತಾಗುತ್ತಿತ್ತು. ಫೋನಿನಲ್ಲೂ ಪುಟ ತೆರೆಯುತ್ತದಲ್ಲ ಎಂದು ಹೊರಟೆ.

ಕಂಪನಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮುಖ್ಯಸ್ಥೆ ನನಗಿಂತ ಚಿಕ್ಕವರು, ಕಡಿಮೆ ಮಾತಿನವರು. ಫೋನನ್ನು ದೊಡ್ಡ ಪರದೆಗೆ ಜೋಡಿಸಿ ಪುಟ ತೆರೆದೆ. ಎದುರಿಗೆ ಬಂದದ್ದು ಎರಡು ಸಾಲು, ಗಾಜಿನ ಲೋಟ. ಮುಟ್ಟಿದರೆ, "ನನಗೆ ಕುಡಿಯಲು ನೀರು ಬೇಕಾಗಿದೆ."

ಶುರುವಿನಲ್ಲಿ ಪರೀಕ್ಷೆಗೆಂದು ಒಮ್ಮೆ ಇದೇ ಫೋನಿನಲ್ಲಿ ತೆರೆದಿದ್ದೆ; ಅದು ಆ ಮೊದಲ ಪುಟವನ್ನೇ ಒಳಗೆ ಉಳಿಸಿಕೊಂಡು ಕೂತಿತ್ತು.

"ಇದಲ್ಲ ಮೇಡಂ, ಇದು ಹಳೇದು."

"ಪರವಾಗಿಲ್ಲ. ಹಳೇದು ಅಂದ್ರೆ ಏನು ಹೇಳಿ."

ಹೇಳಿದೆ. ಆ ದನಿ ಯಾಕೆ ಬೇಡವಾಯಿತು, ಗಾಜಿನ ಲೋಟ ಯಾಕೆ ಹೋಯಿತು, ಮೌನ ಕತ್ತರಿಸಿದ್ದು, ನಡುಗುವ ಬೆರಳು. ಬಲಗಡೆಯ ಸಾಲಿಗೆ ಬಂದಾಗ ತಟ್ಟೆ ತಿರುಗಿಸಿದ್ದನ್ನು ಹೇಳಿದೆ. ಅವರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಉಳಿಸಿಟ್ಟಿದ್ದನ್ನೆಲ್ಲ ಅಳಿಸಿ ಹೊಸ ಪುಟ ತೆರೆದು ಮೊದಲ ಬಟನ್ ಮುಟ್ಟಿದೆ. "ಬಾ ಮಗ, ಕೂತ್ಕೊ!" ಎಂದು ಚಿಕ್ಕತ್ತೆಯ ದನಿ ಆಫೀಸನ್ನೆಲ್ಲ ತುಂಬಿತು. ಆ ಮೂಲೆಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದವರೊಬ್ಬರು ಸಟಕ್ಕನೆ ಕೂತೇಬಿಟ್ಟರು. ಎಲ್ಲರೂ ನಕ್ಕರು, ಮುಖ್ಯಸ್ಥೆಯೂ.

ನಗು ಮುಗಿದ ಮೇಲೆ ಅವರು ಕೇಳಿದರು: "ಇವತ್ತು ನಿಮ್ಮ ಫೋನಲ್ಲಿ ಆಗಿದ್ದು ಅತ್ತೆ ಟ್ಯಾಬಲ್ಲಿ ಆದ್ರೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಯಾಕೆ ಆಯ್ತು ಅಂತ ನನಗೆ ಪೂರ್ತಿ ಗೊತ್ತಿಲ್ಲ ಮೇಡಂ," ಎಂದೆ. ಅವರು ಕುರ್ಚಿ ಎಳೆದುಕೊಂಡು ಬಂದು ನನ್ನ ಲ್ಯಾಪ್‌ಟಾಪಿನ ಮುಂದೆ ಪಕ್ಕದಲ್ಲೇ ಕೂತರು. "ಕೋಡ್ ತೆಗೀರಿ, ನೋಡೋಣ."

ಒಳಗೆ ಉಳಿಸಿಡುವ ಪುಟ-ದನಿಗಳ ಗಂಟಿಗೆ ನಾನು ಒಂದು ಹೆಸರಿಟ್ಟು, ಆಮೇಲೆ ಎಷ್ಟೇ ಬದಲಾವಣೆ ಮಾಡಿದರೂ ಆ ಹೆಸರು ಬದಲಿಸಿರಲಿಲ್ಲ. ಹೆಸರು ಅದೇ ಇದ್ದದ್ದರಿಂದ ಫೋನು ತನ್ನಲ್ಲಿರುವುದೇ ಸರಿ ಎಂದು ತಿಳಿದಿತ್ತು. ಟ್ಯಾಬಿನಲ್ಲಿ ನಾನು ಪ್ರತಿಸಲ ಕೈಯಾರೆ ಅಳಿಸುತ್ತಿದ್ದುದರಿಂದ ಗೊತ್ತಾಗಿರಲಿಲ್ಲ. ಪ್ರತಿ ಬದಲಾವಣೆಗೂ ಹೊಸ ಹೆಸರು, ಹೊಸದು ಬಂದ ಕೂಡಲೇ ಹಳೆಯದನ್ನು ಅಳಿಸುವ ಕೆಲವು ಸಾಲು ಬೇಕಿತ್ತು. ಅವರು ಬೆರಳಿಟ್ಟು ತೋರಿಸಿದರು, ನಾನು ಬರೆದೆ. ಒಂದು ಸಲ ತಪ್ಪಿತು, ಇನ್ನೊಂದು ಸಲಕ್ಕೆ ಸರಿಯಾಯಿತು. ಎಷ್ಟೋ ವರ್ಷಗಳ ಮೇಲೆ ಮತ್ತೊಬ್ಬರ ಪಕ್ಕ ಕೂತು ಒಂದೇ ಪರದೆ ನೋಡಿದ್ದೆ. ಅದು ಇಷ್ಟು ಹಿತವೆಂಬುದೇ ಮರೆತುಹೋಗಿತ್ತು.

"ಉಳಿದ ಮೂರು ಪ್ರಾಜೆಕ್ಟು?" ಎಂದು ನಾನೇ ಕೇಳಿದೆ.

"ಅವು ಬೇಡ. ಸೋಮವಾರದಿಂದ ಬನ್ನಿ," ಎಂದರು.

ಕೆಲಸಕ್ಕೆ ಸೇರಿದೆ. ಶಾಲೆಗೆ ಫೋನ್ ಮಾಡಿ ಇಲ್ಲವೆಂದು ಹೇಳಿದೆ. ಹಗಲು ಮಾವ ಇರುತ್ತಿದ್ದರು, ಗಂಡ ಪಾಳಿ ಬದಲಿಸಿಕೊಂಡರು, ವಾರಕ್ಕೊಮ್ಮೆ ಚಿಕ್ಕತ್ತೆ ಬಂದು ಹೊಸ ಹೊಸ ಮಾತು ಹೇಳಿ ಹೋಗುತ್ತಿದ್ದರು. ಥೆರಪಿಸ್ಟ್ ಅದೇ ದನಿಯ ಜತೆಗೆ ಅತ್ತೆಯೂ ತುಟಿ ಆಡಿಸುವಂತೆ ಅಭ್ಯಾಸ ಮಾಡಿಸುತ್ತಿದ್ದರು. "ನೀರು" ಬಂತು. ಬಹಳ ದಿನ ಬಿಟ್ಟು "ಸಾಕು" ಬಂತು. ಬಂದ ಮಾತು ಕೆಲವು ಸಲ ಮರುದಿನ ಇರುತ್ತಿರಲಿಲ್ಲ. ನಾವು ಕಾಯುತ್ತಿದ್ದೆವು.

ಇತ್ತೀಚೆಗೆ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದೆ. ಜಗಲಿಯಿಂದಲೇ ಕಂಡಿತು, ಟ್ಯಾಬಿನ ಪರದೆ ಕಪ್ಪಾಗಿತ್ತು. ಒಳಗೆ ಓಡಿ ಎತ್ತಿ ನೋಡಿದರೆ ಚಾರ್ಜು ಪೂರ್ತಿ ಮುಗಿದಿತ್ತು. ಮಾವನನ್ನು ಕೇಳಿದೆ, ಯಾವಾಗಿನಿಂದ ಹೀಗಿದೆ ಎಂದು. ಮಾವ ತಲೆ ಕೆರೆದುಕೊಂಡರು.

"ನೋಡ್ನೇ ಇಲ್ವಲ್ಲವ್ವ. ನಿನ್ನೇಲಿಂದ ಇರ್ಬೇಕು. ಅದು ಬೇಕೂ ಅನ್ನಿಸ್ನಿಲ್ಲ."

ನಾನು ಚಾರ್ಜರಿಗಾಗಿ ಮಂಚದ ಹಿಂದೆ ಬಗ್ಗಿ ತಡಕಾಡುತ್ತಿದ್ದೆ. ಅತ್ತೆ ಮುಖವನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ ನನ್ನ ಕಾಲನ್ನು ನೋಡಿದರು. ಅವಸರದಲ್ಲಿ ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೆ. ಅವರ ಹುಬ್ಬು ಗಂಟಾಯಿತು. ತುಟಿ ಒಮ್ಮೆ ಅಲುಗಿ ನಿಂತಿತು, ಮತ್ತೆ ಅಲುಗಿತು.

"ಕಾಲ್... ತೊಳ್ಕೊ... ಓಗು."

ದನಿ ಒರಟಾಗಿತ್ತು, ತಂಗಿಯದಕ್ಕಿಂತ ತಗ್ಗಿನಲ್ಲಿತ್ತು. ಆ ಮಾತನ್ನು ನಾವು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಮಾವ ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

ನಾನು ಟ್ಯಾಬನ್ನು ಮಂಚದ ಮೇಲೆ ಹಾಗೇ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಲು ತೊಳೆಯಲು ಹೋದೆ.